ಆಫ್ರಿಕಾದ ಕಥೆ ಪುಸ್ತಕಗಳನ್ನು ಮಕ್ಕಳಿಗೆ ಆರಿಸುವುದು, ಓದಿ ಹೇಳುವುದು ಹೇಗೆ?

"ಮಗಳಿಗೆ ಆಫ್ರಿಕಾದ ಕಥೆ ಓದಬೇಕು ಅಂತ ಆಸೆ. ಯಾವ ಪುಸ್ತಕದಿಂದ ಶುರು ಮಾಡಲಿ?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರಲ್ಲಿ ಅಪ್ಪ ಅಮ್ಮಂದಿರಿದ್ದಾರೆ, ಪ್ರಾಥಮಿಕ ಶಾಲೆಯ ಟೀಚರುಗಳಿದ್ದಾರೆ, ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರೂ ಇದ್ದಾರೆ. ಅದರ ಬೆನ್ನಿಗೇ ಇನ್ನೂ ಮೂರು ಪ್ರಶ್ನೆ ಬರುತ್ತವೆ. ಹೆಸರುಗಳನ್ನು ಹೇಗೆ ಹೇಳುವುದು? ಆ ಕಥೆಗಳ ಅನಾನ್ಸಿ ಅನ್ನುವ ಜೇಡ ಬರೀ ಮೋಸ ಮಾಡ್ತಾನಲ್ಲ, ಮಕ್ಕಳಿಗೆ ಓದಬಹುದಾ? ಕನ್ನಡದಲ್ಲಿ ಸಿಗುತ್ತಾ? ಎಲ್ಲಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಚಿತ್ರಪುಸ್ತಕ ಅಂದರೆ ಚಿತ್ರ ಇರುವ ಪುಸ್ತಕ ಅಷ್ಟೇ ಅಲ್ಲ. ಅದರಲ್ಲಿ ಕಥೆಯ ಒಂದು ಪಾಲನ್ನು ಮಾತು ಹೇಳುತ್ತದೆ, ಇನ್ನೊಂದು ಪಾಲನ್ನು ಚಿತ್ರ ಹೇಳುತ್ತದೆ. ಆಫ್ರಿಕಾದ ಜನಪದ ಕಥೆಗಳ ಪುಸ್ತಕದಲ್ಲಿ ಮೂರನೆಯ ಪಾಲೂ ಒಂದಿದೆ, ಅದು ಕೇಳುವವರದು. ಈ ಕಥೆಗಳು ಅಚ್ಚಾಗುವ ಮೊದಲು ಎಷ್ಟೋ ತಲೆಮಾರು ಬಾಯಲ್ಲೇ ಬದುಕಿದ್ದವು. ಹೇಳುವವರು ಕೂಗಿದರೆ ಕೇಳುವವರು ಓಗೊಡುತ್ತಿದ್ದರು, ನಡುವೆ ಹಾಡಿನ ಪಲ್ಲವಿಯನ್ನು ಎಲ್ಲರೂ ಎತ್ತಿಕೊಳ್ಳುತ್ತಿದ್ದರು. ಆ ಮೂರನೆಯ ಪಾಲು ಕಾಗದದ ಮೇಲೆ ಇರುವುದಿಲ್ಲ. ನೀವು ಮತ್ತು ಮಗು ಸೇರಿ ಅದನ್ನು ತುಂಬಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕೇ.

ಬೇಕಾಗುವುದು ಇಷ್ಟು: ಒಂದು ಪುಸ್ತಕ ಅಥವಾ ಫೋನಿನಲ್ಲಿ ಇಳಿಸಿಕೊಂಡ ಪಿಡಿಎಫ್, ಆಫ್ರಿಕಾದ ಒಂದು ನಕಾಶೆ, ಸಂಜೆಯ ಇಪ್ಪತ್ತು ನಿಮಿಷ. ಹಿಂದಿನ ದಿನ ನಿಮಗೊಬ್ಬರಿಗೇ ಇನ್ನೊಂದು ಇಪ್ಪತ್ತು ನಿಮಿಷ.

1. ಕಥೆ ಯಾವ ಜನರದು ಅಂತ ನೋಡಿ

ಪುಸ್ತಕ ಕೈಗೆ ಬಂದ ಕೂಡಲೇ ಮೊದಲ ಮತ್ತು ಕೊನೆಯ ಪುಟ ನೋಡಿ. "ಆಫ್ರಿಕಾದ ಕಥೆ" ಅಂತ ಮಾತ್ರ ಇದ್ದರೆ ಸಾಲದು. ಆಫ್ರಿಕಾದಲ್ಲಿ 54 ದೇಶಗಳಿವೆ, ಭಾಷೆಗಳು ಸಾವಿರಕ್ಕೂ ಜಾಸ್ತಿ. ನಮ್ಮ ಗೋವಿನ ಹಾಡನ್ನು "ಏಷ್ಯಾದ ಹಾಡು" ಅಂತ ಯಾರಾದರೂ ಪರಿಚಯಿಸಿದರೆ ನಮಗೆ ಹೇಗನಿಸುತ್ತದೆ? ಇದೂ ಹಾಗೇ.

ಒಳ್ಳೆಯ ಪುಸ್ತಕದಲ್ಲಿ ಲೇಖಕರ ಟಿಪ್ಪಣಿ ಇರುತ್ತದೆ. ಕಥೆ ಎಲ್ಲಿಂದ ಬಂತು, ಯಾರು ಹೇಳಿದ್ದು, ತಾನು ಏನು ಬದಲಿಸಿದೆ ಅಂತ ಲೇಖಕರೇ ಬರೆಯುವ ಪುಟ ಅದು. 1987ರಲ್ಲಿ ಬಂದ ಜಾನ್ ಸ್ಟೆಪ್ಟೋ ಅವರ 'ಮುಫಾರೋಸ್ ಬ್ಯೂಟಿಫುಲ್ ಡಾಟರ್ಸ್' ಇದಕ್ಕೆ ಚೆನ್ನಾದ ಉದಾಹರಣೆ. ಹೆಸರುಗಳು ಜಿಂಬಾಬ್ವೆಯ ಶೋನಾ ಭಾಷೆಯವು ಅಂತ ಅದರಲ್ಲಿ ಹೇಳಿದ್ದಾರೆ. ನ್ಯಾಶಾ ಅಂದರೆ ಕರುಣೆ, ನ್ಯೋಕಾ ಅಂದರೆ ಹಾವು. ಚಿತ್ರದ ಕಟ್ಟಡಗಳಿಗೆ ಗ್ರೇಟ್ ಜಿಂಬಾಬ್ವೆಯ ಹಳೆಯ ಕಲ್ಲಿನ ನಗರ ಪ್ರೇರಣೆ ಅಂತಲೂ ತಿಳಿಸಿದ್ದಾರೆ. ಇಷ್ಟು ಗೊತ್ತಿದ್ದರೆ ಓದುವಾಗ ನಿಮ್ಮ ಮಾತಿಗೆ ಬಲ ಬರುತ್ತದೆ.

ಟಿಪ್ಪಣಿ ಇಲ್ಲದ್ದೆಲ್ಲ ಕೆಟ್ಟ ಪುಸ್ತಕ ಅಂತಲ್ಲ. ಜನರ ಹೆಸರು, ಊರು, ಭಾಷೆ ಯಾವುದೂ ಇಲ್ಲದೆ ನೂರು ಕಥೆ ತುರುಕಿರುವ ದಪ್ಪ ಸಂಕಲನಗಳನ್ನು ಮಾತ್ರ ಕೊಳ್ಳಬೇಡಿ. ಅಂಥ ಒಂದಕ್ಕೆ ನಾನೂ ದುಡ್ಡು ಕೊಟ್ಟಿದ್ದೆ. ಅದರ ಕಾಡಿನ ತುಂಬ ಹುಲಿಗಳಿದ್ದವು. ಆಫ್ರಿಕಾದ ಕಾಡಿನಲ್ಲಿ ಹುಲಿ ಇಲ್ಲ. ಸಿಂಹ, ಚಿರತೆ, ಕತ್ತೆಕಿರುಬ ಇವೆ. ಹುಲಿ ಕಂಡರೆ ಆ ಪುಸ್ತಕ ಮಾಡಿದವರು ಎಷ್ಟು ಶ್ರಮ ಪಟ್ಟಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

2. ಮುಖ್ಯ ಪಾತ್ರಗಳ ಪರಿಚಯ ಮಾಡಿಕೊಳ್ಳಿ

ಎರಡು ಮೂರು ಪಾತ್ರ ಗೊತ್ತಿದ್ದರೆ ಅರ್ಧ ಪುಸ್ತಕಗಳ ಬಾಗಿಲು ತೆರೆದ ಹಾಗೆ.

ಅನಾನ್ಸಿ ಒಬ್ಬ ಜೇಡ. ಘಾನಾ ದೇಶದ ಅಕಾನ್ ಜನರ ಕಥೆಗಳ ನಾಯಕ. ಅವರ ಟ್ವಿ ಭಾಷೆಯಲ್ಲಿ ಅನಾನ್ಸೆ ಅಂದರೆ ಜೇಡ ಅಂತಲೇ ಅರ್ಥ. ಪೂರ್ತಿ ಹೆಸರು ಕ್ವಾಕು ಅನಾನ್ಸೆ. ಕ್ವಾಕು ಅಂದರೆ ಬುಧವಾರ ಹುಟ್ಟಿದವನು. ಅವನ ಹೆಂಡತಿ ಅಸೋ, ಮಗ ಎನ್‌ಟಿಕುಮಾ. ಮೇಲೆ ಆಕಾಶದಲ್ಲಿ ಇರುವ ದೇವರು ನ್ಯಾಮೆ. ಲೋಕದ ಕಥೆಗಳೆಲ್ಲ ಮೊದಲು ನ್ಯಾಮೆಯ ಹತ್ತಿರ ಇದ್ದವಂತೆ. ಹೆಬ್ಬಾವು, ಚಿರತೆ, ಕಣಜದ ಹುಳುಗಳನ್ನೆಲ್ಲ ಉಪಾಯದಿಂದ ಹಿಡಿದುಕೊಟ್ಟು ಅನಾನ್ಸಿ ಆ ಕಥೆಗಳನ್ನು ಕೊಂಡುಕೊಂಡ. ಆದ್ದರಿಂದ ಅಲ್ಲಿ ಜೇಡನೇ ಇಲ್ಲದ ಕಥೆಗೂ ಅನಾನ್ಸೆಸೆಮ್, ಅಂದರೆ ಜೇಡನ ಕಥೆ, ಅನ್ನುತ್ತಾರೆ. ಗುಲಾಮರಾಗಿ ಸಾಗಿಸಲ್ಪಟ್ಟ ಜನರ ಜೊತೆ ಈ ಕಥೆಗಳು ಅಟ್ಲಾಂಟಿಕ್ ದಾಟಿ ಜಮೈಕಾದವರೆಗೂ ಹೋದವು. ಕೈಯಲ್ಲಿ ಏನೂ ಒಯ್ಯಲು ಆಗದವರು ಬಾಯಲ್ಲಿ ಒಯ್ದ ಆಸ್ತಿ ಇದು.

ನೈಜೀರಿಯಾದ ಯೊರುಬಾ ಜನರಲ್ಲಿ ಈ ಜಾಗ ಆಮೆಯದು. ಹೆಸರು ಇಜಾಪಾ. ಕೀನ್ಯಾ, ತಾಂಜಾನಿಯಾದ ಸ್ವಾಹಿಲಿ ಕಥೆಗಳಲ್ಲಿ ಮೊಲ, ಅದರ ಹೆಸರು ಸುಂಗೂರಾ. ಸೆನೆಗಲ್‌ನ ವೊಲೋಫ್ ಜನರಲ್ಲೂ ಮೊಲವೇ, ಅಲ್ಲಿ ಅದು ಲ್ಯೂಕ್. ಈ ಎಲ್ಲವೂ ಚಿಕ್ಕ ಪ್ರಾಣಿಗಳು ಅನ್ನುವುದನ್ನು ಗಮನಿಸಿ. ಮೈಬಲ ಇಲ್ಲ, ಬುದ್ಧಿಯೇ ಆಯುಧ. ಸಿಂಹವನ್ನು ಬಾವಿಗೆ ಬೀಳಿಸಿದ ಪಂಚತಂತ್ರದ ಮೊಲ ಗೊತ್ತಿರುವ ಮಗುವಿಗೆ ಸುಂಗೂರಾ ಹೊಸಬನಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈ ಕಥೆಗಳಲ್ಲಿ ಕತ್ತೆಕಿರುಬ ಸಾಮಾನ್ಯವಾಗಿ ದುರಾಸೆಯ ದಡ್ಡ. ಸ್ವಾಹಿಲಿಯಲ್ಲಿ ಫಿಸಿ. ಕತ್ತೆಕಿರುಬ ಅನ್ನುವ ಹೆಸರು ಉದ್ದವಾಯಿತು ಅಂತ ಕೆಲವರು ಸುಮ್ನೆ "ನರಿ" ಅಂದುಬಿಡುತ್ತಾರೆ. ಹಾಗೆ ಮಾಡಿದರೆ ಕಥೆ ತಲೆಕೆಳಗಾಗುತ್ತದೆ. ನಮ್ಮ ಮಕ್ಕಳ ಮನಸ್ಸಿನಲ್ಲಿ ನರಿ ಅಂದರೆ ಜಾಣ. ಅದು ಯಾಕೆ ಪದೇ ಪದೇ ಮೋಸ ಹೋಗುತ್ತಿದೆ ಅಂತ ಮಗುವಿಗೆ ಗೊಂದಲ ಆಗುತ್ತದೆ.

3. ಪುಸ್ತಕ ಎಲ್ಲಿ ಹುಡುಕಬೇಕು

ಕನ್ನಡದಲ್ಲಿ, ದುಡ್ಡಿಲ್ಲದೆ ಬೇಕು ಅನ್ನುವವರು ಸ್ಟೋರಿವೀವರ್‌ನಿಂದ ಶುರು ಮಾಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ವೆಬ್‌ಸೈಟ್ ಇದು. ದಕ್ಷಿಣ ಆಫ್ರಿಕಾದ ಸೈಡ್ ಸಂಸ್ಥೆ ನಡೆಸುವ ಆಫ್ರಿಕನ್ ಸ್ಟೋರಿಬುಕ್ ಯೋಜನೆಯ ಕಥೆಗಳೂ ಇದರಲ್ಲಿವೆ. ಆ ಯೋಜನೆಯ ಹಿಂದಿನ ಯೋಚನೆ ಬಹಳ ಸರಳ. ಮನೆಮಾತಿನಲ್ಲಿ ಓದಲು ಪುಸ್ತಕವೇ ಇಲ್ಲದ ಮಕ್ಕಳಿಗೆ ಅವರ ಊರಿನ ಶಿಕ್ಷಕರು, ಹಿರಿಯರು ಹೇಳುವ ಕಥೆಗಳನ್ನು ಅವರದೇ ಭಾಷೆಯಲ್ಲಿ ಪುಸ್ತಕ ಮಾಡಿಕೊಡುವುದು. ಹೀಗೆ ಬಂದ ಕಥೆಗಳಲ್ಲಿ ಊರಿನ ವಾಸನೆ ಹಾಗೇ ಉಳಿದಿರುತ್ತದೆ. ಸ್ಟೋರಿವೀವರ್‌ನಲ್ಲಿ ಭಾಷೆಯ ಜಾಗದಲ್ಲಿ ಕನ್ನಡ, ಪ್ರಕಾಶಕರ ಜಾಗದಲ್ಲಿ ಆಫ್ರಿಕನ್ ಸ್ಟೋರಿಬುಕ್ ಅಂತ ಆರಿಸಿ ಹುಡುಕಿ. ಓದಿನ ಹಂತವೂ ಬರೆದಿರುತ್ತದೆ. ಒಂದನೇ ಹಂತ ಅಂದರೆ ಪುಟಕ್ಕೊಂದು ಎರಡು ಸಾಲು.

ದಕ್ಷಿಣ ಆಫ್ರಿಕಾದ ಬುಕ್ ಡ್ಯಾಶ್ ಕೂಡ ನೋಡಿ. ಬರೆಯುವವರು, ಚಿತ್ರ ಬಿಡಿಸುವವರು, ತಿದ್ದುವವರು ಒಂದು ಕಡೆ ಸೇರಿ 12 ಗಂಟೆಯಲ್ಲಿ ಒಂದು ಪುಸ್ತಕ ಮುಗಿಸುತ್ತಾರೆ. ಆಮೇಲೆ ಅದು ಎಲ್ಲರಿಗೂ ಉಚಿತ. ಆದರೆ ಇವೆಲ್ಲ ಜನಪದ ಕಥೆಗಳಲ್ಲ. ಜಾಸ್ತಿ ಇಂದಿನ ಮಕ್ಕಳ ಕಥೆಗಳೇ.

ಹೊರದೇಶದ ಕನ್ನಡಿಗರಿಗೆ ಒಂದು ಗುಟ್ಟು. ಲೈಬ್ರರಿಯ ಚಿತ್ರಪುಸ್ತಕದ ಕಪಾಟಿನಲ್ಲಿ ಹುಡುಕಿ ಸಿಗಲಿಲ್ಲ ಅಂತ ವಾಪಸ್ ಬರುವವರು ತುಂಬ. ಜನಪದ ಕಥೆಗಳನ್ನು ಅಲ್ಲಿ ಬೇರೆ ಕಡೆ ಇಡುತ್ತಾರೆ. ಡ್ಯೂಯಿ ಪದ್ಧತಿ, ಅಂದರೆ ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಕ್ರಮದಲ್ಲಿ, ಇವುಗಳ ಅಂಕಿ 398.2. ಮಕ್ಕಳ ವಿಭಾಗದಲ್ಲಿ ಆ ಅಂಕಿಯ ಸಾಲಿಗೆ ನೇರವಾಗಿ ಹೋಗಿ. ಕೊಳ್ಳುವವರಿಗೆ ಆಫ್ರಿಕನ್ ಬುಕ್ಸ್ ಕಲೆಕ್ಟಿವ್ ಇದೆ. ಆಫ್ರಿಕಾದ ಪ್ರಕಾಶಕರೇ ಸೇರಿ ಕಟ್ಟಿಕೊಂಡ ಮಾರಾಟ ವ್ಯವಸ್ಥೆ ಅದು.

ಬಹುಮಾನದ ಮುದ್ರೆ ನೋಡಿ ಆರಿಸುವವರಿಗೆ ಒಂದು ಮಾತು. ಅಮೆರಿಕದಲ್ಲಿ ಚಿತ್ರಪುಸ್ತಕದ ಚಿತ್ರಗಳಿಗೆ ಕೊಡುವ ದೊಡ್ಡ ಗೌರವ ಕ್ಯಾಲ್ಡೆಕಾಟ್ ಪದಕ. 1971ರಲ್ಲಿ ಅದು ಗೇಲ್ ಹೇಲಿ ಅವರ ಅನಾನ್ಸಿ ಪುಸ್ತಕಕ್ಕೆ ಬಂತು. 1976ರಲ್ಲಿ ಸೊಳ್ಳೆ ಯಾಕೆ ಕಿವಿಯಲ್ಲಿ ಗುಂಯ್ ಅನ್ನುತ್ತದೆ ಅನ್ನುವ ಪಶ್ಚಿಮ ಆಫ್ರಿಕಾದ ಕಥೆಯ ಪುಸ್ತಕಕ್ಕೆ ಬಂತು. ಎರಡೂ ಚಂದ, ಎರಡನ್ನೂ ಓದಿ. ಆದರೆ ಎರಡನ್ನೂ ಮಾಡಿದವರು ಅಮೆರಿಕದವರು. ಆಫ್ರಿಕಾದಲ್ಲಿ ಬೆಳೆದು, ಈ ಕಥೆಗಳನ್ನು ಕೇಳುತ್ತಲೇ ದೊಡ್ಡವರಾದವರ ಪುಸ್ತಕವನ್ನೂ ಜೊತೆಗಿಡಿ ಅನ್ನುವುದು ನನ್ನ ಒತ್ತಾಯ. ಮಾಲಿ ದೇಶದ ಬಾಬಾ ವಾಗೆ ಡಿಯಾಕಿಟೆ ಅವರದು ನೋಡಿ. ಅವರು ಮಣ್ಣಿನ ಹಂಚುಗಳ ಮೇಲೆ ಚಿತ್ರ ಬರೆಯುವವರು. ಐವರಿ ಕೋಸ್ಟ್‌ನ ವೆರೊನಿಕ್ ತಾಜೋ ತಾವೇ ಬರೆದು ತಾವೇ ಚಿತ್ರ ಬಿಡಿಸುತ್ತಾರೆ. ಘಾನಾದ ಮೆಶಾಕ್ ಅಸಾರೆ, ದಕ್ಷಿಣ ಆಫ್ರಿಕಾದ ಗ್ಸೀನಾ ಮ್ಹ್ಲೋಪೆ ಇದ್ದಾರೆ. ಮ್ಹ್ಲೋಪೆ ವೇದಿಕೆಯ ಮೇಲೆ ಕಥೆ ಹೇಳುವುದಕ್ಕೇ ಹೆಸರಾದವರು. ನೈಜೀರಿಯಾದ ಹೆಸರಾಂತ ಕಾದಂಬರಿಕಾರ ಚಿನುವ ಅಚೆಬೆ ಕೂಡ 1972ರಲ್ಲಿ ಜಾನ್ ಇರೊಅಗನಾಚಿ ಜೊತೆ ಸೇರಿ, ಚಿರತೆಗೆ ಉಗುರು ಹೇಗೆ ಬಂತು ಅನ್ನುವ ಕಥೆಯನ್ನು ಮಕ್ಕಳಿಗೆ ಬರೆದಿದ್ದಾರೆ. ಅದನ್ನು ಎಂಟು ವರ್ಷ ದಾಟಿದ ಮೇಲೆ ಓದಿ. ಅಧಿಕಾರ, ದ್ರೋಹ, ಸೇಡು ಎಲ್ಲ ಇದೆ ಅದರಲ್ಲಿ.

4. ಚಿತ್ರಗಳನ್ನು ಸುಮ್ಮನೆ ದಾಟಬೇಡಿ

ಮಾತು ಓದದೆ ಬರೀ ಚಿತ್ರ ನೋಡುತ್ತಾ ಒಮ್ಮೆ ಪುಟ ತಿರುಗಿಸಿ. ಎಲ್ಲ ಊರಿನಲ್ಲೂ ಒಂದೇ ಥರದ ಗುಡಿಸಲು, ಎಲ್ಲರ ಮೈಮೇಲೂ ಹುಲ್ಲಿನ ಬಟ್ಟೆ ಇದ್ದರೆ ಆ ಪುಸ್ತಕ ಇಟ್ಟುಬಿಡಿ. ಒಳ್ಳೆಯ ಚಿತ್ರಕಾರರು ಜಾಗ ನೋಡಿ ಬಿಡಿಸಿರುತ್ತಾರೆ. ಘಾನಾದ ಕಥೆಯಲ್ಲಿ ಕೆಂಟೆ ಬಟ್ಟೆ ಕಾಣಬಹುದು. ಉದ್ದನೆಯ ಪಟ್ಟಿಗಳನ್ನು ನೇಯ್ದು ಜೋಡಿಸಿದ ಬಣ್ಣಬಣ್ಣದ ಬಟ್ಟೆ ಅದು. ಐವರಿ ಕೋಸ್ಟ್‌ನ ಸೆನುಫೊ ಜನರ ಕಥೆಯಲ್ಲಿ ಕಟ್ಟಿಗೆಯ ಮುಖವಾಡ ಕಾಣಬಹುದು.

ಚಿತ್ರದಲ್ಲಿ ಬಾಟಲಿಯಂಥ ದಪ್ಪ ಕಾಂಡದ, ಬೋಳು ಕೊಂಬೆಯ ಮರ ಕಂಡರೆ ಅದು ಬಾವೊಬಾಬ್. ಮಗುವಿಗೆ ಅದನ್ನು ನಿಜವಾಗಿ ತೋರಿಸಬೇಕು ಅಂದರೆ ಹಾವೇರಿ ಜಿಲ್ಲೆಯ ಸವಣೂರಿಗೆ ಕರೆದುಕೊಂಡು ಹೋಗಿ. ಅಲ್ಲಿನ ದೊಡ್ಡಹುಣಸೆ ಮಠದ ಹೆಸರಿನಲ್ಲಿರುವ 'ದೊಡ್ಡ ಹುಣಸೆ' ಈ ಬಾವೊಬಾಬೇ. ಆಫ್ರಿಕಾದ ಮರ ನಮ್ಮ ಊರಿನಲ್ಲಿ ನಮ್ಮದೇ ಹೆಸರು ಹೊತ್ತು ನಿಂತಿದೆ.

5. ಹಿಂದಿನ ದಿನ ಒಬ್ಬರೇ ಗಟ್ಟಿಯಾಗಿ ಓದಿ

ಈ ಹಂತ ಬಿಟ್ಟವರೇ "ಮಗು ಅರ್ಧಕ್ಕೇ ಎದ್ದು ಹೋಯ್ತು" ಅಂತ ಬರೆಯುವವರು. ಇಂಗ್ಲಿಷ್ ಪುಸ್ತಕವನ್ನು ನೋಡುತ್ತಾ ಆಗಲೇ ಕನ್ನಡಕ್ಕೆ ತಿರುಗಿಸಿ ಹೇಳುವುದು ಸುಲಭ ಅಲ್ಲ. ಮೊದಲೇ ಓದಿ, ಈ ಕೆಳಗಿನವನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಹೆಸರುಗಳು. ಬದಲಿಸಬೇಡಿ. ಎನ್‌ಟಿಕುಮಾನನ್ನು ಕಿಟ್ಟು ಮಾಡಬೇಡಿ. ಹತ್ತು ಸಲ ಬಾಯಿಬಿಟ್ಟು ಹೇಳಿದರೆ ನಾಲಿಗೆಗೆ ಕೂರುತ್ತದೆ. ಮಕ್ಕಳಂತೂ ನಮಗಿಂತ ಬೇಗ ಹಿಡಿಯುತ್ತಾರೆ. ದಕ್ಷಿಣ ಆಫ್ರಿಕಾದ ಜುಲು, ಕೋಸಾ ಭಾಷೆಗಳಲ್ಲಿ ಕ್ಲಿಕ್ ಸದ್ದುಗಳಿವೆ. ನಾಲಿಗೆಯನ್ನು ಹಲ್ಲಿಗೆ ಅಥವಾ ಅಂಗುಳಿಗೆ ಅಂಟಿಸಿ ಫಟ್ಟನೆ ಬಿಡಿಸಿದಾಗ ಬರುವ ಸದ್ದು. ಅಯ್ಯೋ ಪಾಪ ಅಂತ ನಾವು ಲೊಚಗುಟ್ಟುತ್ತೇವಲ್ಲ, ಅಂಥ ಸದ್ದು ಅಲ್ಲಿ ಒಂದು ವ್ಯಂಜನ.

ಪ್ರಾಣಿಗಳು. ಸೊಳ್ಳೆಯ ಕಥೆಯ ಇಂಗ್ಲಿಷ್ ಪುಸ್ತಕದಲ್ಲಿ ಇಗ್ವಾನಾ ಅಂತ ಇದೆ. ಆದರೆ ಇಗ್ವಾನಾ ಪಶ್ಚಿಮ ಆಫ್ರಿಕಾದ ಪ್ರಾಣಿ ಅಲ್ಲ. ಆ ಕಡೆಯ ದೊಡ್ಡ ಹಲ್ಲಿ ಅಂದರೆ ಉಡ. ಉಡ ನಮ್ಮಲ್ಲೂ ಇದೆ. ಹಾಗಾಗಿ "ಉಡ" ಅಂತಲೇ ಧೈರ್ಯವಾಗಿ ಓದಿ. ಇಲ್ಲಿ ಇಂಗ್ಲಿಷಿಗಿಂತ ಕನ್ನಡವೇ ಆ ಕಾಡಿಗೆ ಹತ್ತಿರ.

ಊಟ. ಪೂರ್ವ ಆಫ್ರಿಕಾದ ಕಥೆಯಲ್ಲಿ ಉಗಾಲಿ ಬರುತ್ತದೆ. ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗಿ ತಿರುವಿ ಮಾಡುವ ಊಟ. ಈಗ ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟು, ಆದರೆ ರಾಗಿಯಲ್ಲೂ ಮಾಡುತ್ತಾರೆ. ಮುದ್ದೆ ತಿನ್ನುವ ಮಗುವಿಗೆ ಇನ್ನೇನು ವಿವರಿಸಬೇಕು? ಅಷ್ಟೇ ಅಲ್ಲ, ರಾಗಿಯನ್ನು ಮನುಷ್ಯ ಮೊದಲು ಬೆಳೆಸಿದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ, ನಮಗೆ ಬಂದದ್ದು ಅಲ್ಲಿಂದ. ಹೆಸರನ್ನು ಉಗಾಲಿ ಅಂತಲೇ ಇಡಿ, "ನಮ್ಮ ಮುದ್ದೆಯ ಹಾಗೆ" ಅಂತ ಒಂದು ಮಾತು ಸೇರಿಸಿ. ಹಾಗೇ ಪಶ್ಚಿಮ ಆಫ್ರಿಕಾದ ಯಾಮ್ ಅಂದರೆ ನಾವು ಬೇಯಿಸಿ ತಿನ್ನುವ ಸಿಹಿಗೆಣಸಲ್ಲ. ಬಳ್ಳಿಯ ಬುಡದಲ್ಲಿ ತೋಳಿನಷ್ಟು ದಪ್ಪ ಬೆಳೆಯುವ ದೊಡ್ಡ ಗೆಣಸು.

ಸದ್ದುಗಳು. ಹಾವು ಹರಿಯುವುದು, ಮೊಲ ನೆಗೆಯುವುದು, ಮಡಕೆ ಒಡೆಯುವುದು, ಎಲ್ಲಕ್ಕೂ ಈ ಕಥೆಗಳಲ್ಲಿ ಒಂದೊಂದು ಸದ್ದು. ಇಂಗ್ಲಿಷಿನಲ್ಲಿ ಇದನ್ನು ಹಿಡಿಯಲು ಒದ್ದಾಡುತ್ತಾರೆ. ಕನ್ನಡಕ್ಕೆ ಆ ಕಷ್ಟ ಇಲ್ಲ. ಸರಸರ, ಬುಳುಕ್, ದಡಬಡ, ಫಳಾರ್ ಎಲ್ಲ ನಮ್ಮ ಬಾಯಲ್ಲೇ ಇವೆ. ಪುಸ್ತಕದಲ್ಲಿರುವ ಮೂಲದ ಸದ್ದನ್ನು ಒಮ್ಮೆ ಓದಿ, ಮುಂದಿನ ಸಲ ಕನ್ನಡದ್ದು ಹೇಳಿ. ಮೂರನೆಯ ಸಲ ಯಾವುದು ಬೇಕು ಅಂತ ಮಗುವೇ ಹೇಳುತ್ತದೆ.

ಅವನು, ಅವಳು. ಇದನ್ನು ಯಾರೂ ಯೋಚಿಸುವುದಿಲ್ಲ. ಸ್ವಾಹಿಲಿಯಲ್ಲಿ ಅವನಿಗೂ ಅವಳಿಗೂ ಒಂದೇ ಪದ, ಯೇಯೆ. ಟ್ವಿ ಭಾಷೆಯಲ್ಲೂ ಹಾಗೇ ಒಂದೇ. ಹಾಗಾದರೆ ಇಂಗ್ಲಿಷ್ ಪುಸ್ತಕದ ಮೊಲ, ಆಮೆ, ಆನೆ ಎಲ್ಲ ಗಂಡಾಗಿದ್ದು ಎಷ್ಟೋ ಸಲ ಅನುವಾದಕರ ಆಯ್ಕೆ. ಅದನ್ನೇ ನೀವೂ ಹಿಡಿಯಬೇಕಾಗಿಲ್ಲ. ಕಾಗಕ್ಕ ಗುಬ್ಬಕ್ಕ ಕೇಳಿ ಬೆಳೆದವರು ನಾವು. ಆನೆಯಕ್ಕ, ಆಮೆಯಣ್ಣ ಅಂತ ಕರೆದರೆ ಕಥೆ ತಾನಾಗಿ ಮನೆಯದಾಗುತ್ತದೆ. ಅನಾನ್ಸಿ ಮಾತ್ರ ಅವನೇ, ಯಾಕೆಂದರೆ ಹೆಂಡತಿ ಅಸೋ ಪಕ್ಕದಲ್ಲೇ ಇರುತ್ತಾಳೆ.

6. ಕೂಗಿ ಕರೆಯಿರಿ, ಓಗೊಡಿಸಿ

ನನಗೆ ಅತಿ ಇಷ್ಟವಾದ ಹಂತ ಇದು. ಆಫ್ರಿಕಾದ ಎಷ್ಟೋ ಭಾಷೆಗಳಲ್ಲಿ ಕಥೆ ಸುಮ್ಮನೆ ಶುರುವಾಗುವುದಿಲ್ಲ. ಹೇಳುವವರು ಒಂದು ಮಾತು ಕೂಗಬೇಕು, ಕೇಳುವವರು ಅದಕ್ಕೆ ಗೊತ್ತಾದ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಕಥೆ ಇಲ್ಲ.

ಸ್ವಾಹಿಲಿಯಲ್ಲಿ ಹೇಳುವವರು "ಪೌಕ್ವಾ!" ಅನ್ನುತ್ತಾರೆ, ಕೇಳುವವರು "ಪಕಾವಾ!" ಅನ್ನುತ್ತಾರೆ. ಇನ್ನೊಂದು, "ಹದಿಥಿ ಹದಿಥಿ!" ಅಂತ ಕೂಗಿದರೆ ಉತ್ತರ "ಹದಿಥಿ ನ್ಜೋ!", ಕಥೆಯೇ ಬಾ ಅಂತ ಅರ್ಥ. ಯೊರುಬಾದಲ್ಲಿ "ಆಲೋ ಓ!" ಅಂತ ಕೂಗಿದರೆ ಉತ್ತರ "ಆಲೋ!". ಪಶ್ಚಿಮ ಆಫ್ರಿಕಾದ ಹೌಸಾ ಭಾಷೆಯಲ್ಲಿ ಹೇಳುವವರು "ಗ ತ ನನ್, ಗ ತ ನನ್ ಕು" ಅಂತ, ಇಗೋ ಬಂದಳು ನೋಡಿ ಅನ್ನುವ ಹಾಗೆ, ಕಥೆಯನ್ನೇ ಹೆಣ್ಣು ಮಾಡಿ ಪರಿಚಯಿಸುತ್ತಾರೆ. ಕೇಳುವವರು "ತ ಜೋ ಮು ಜಿ ತ", ಬರಲಿ, ಕೇಳೋಣ ಅನ್ನುತ್ತಾರೆ.

ಓದುವ ಮೊದಲು ಐದು ನಿಮಿಷ ಇದನ್ನು ಅಭ್ಯಾಸ ಮಾಡಿಸಿ. ನಡುವೆ ಮಗುವಿನ ಗಮನ ಹಾರಿದರೆ ಮತ್ತೆ "ಪೌಕ್ವಾ!" ಅನ್ನಿ. ಬಯ್ಯುವ ಅಗತ್ಯವೇ ಬರುವುದಿಲ್ಲ. ನಮ್ಮಲ್ಲೂ ಅಜ್ಜಿಯರು "ಹೂಂ ಅನ್ನು, ಇಲ್ಲಾಂದ್ರೆ ಕಥೆ ಹೇಳಲ್ಲ" ಅನ್ನುತ್ತಿದ್ದರಲ್ವಾ? ಹೂಂಗುಟ್ಟುವ ಆ ಕೆಲಸವೇ ಇದು, ಇನ್ನೂ ದೊಡ್ಡ ದನಿಯಲ್ಲಿ.

ಬೆರಕೆ ಮಾತ್ರ ಮಾಡಬೇಡಿ. ಘಾನಾದ ಅನಾನ್ಸಿ ಕಥೆಗೆ ಸ್ವಾಹಿಲಿ ಕೂಗು ಹಾಕುವುದು ತಪ್ಪು. ಅಕಾನ್ ಕಥೆಗೆ ಅದರದೇ ಆರಂಭ ಇದೆ. ನಾವೀಗ ಹೇಳುವುದು ನಿಜ ಅಂತ ನಾವು ಹೇಳುತ್ತಿಲ್ಲ, ನಿಜವಾಗಿಯೂ ಹೇಳುತ್ತಿಲ್ಲ ಅನ್ನುವ ಅರ್ಥದ ಮಾತು. ಮುಗಿಸುವಾಗ, ಕಥೆ ಸಿಹಿಯಾಗಿದ್ದರೂ ಇಲ್ಲದಿದ್ದರೂ ಸ್ವಲ್ಪ ನೀವು ಒಯ್ಯಿರಿ, ಸ್ವಲ್ಪ ನನ್ನ ಹತ್ತಿರ ವಾಪಸ್ ಬರಲಿ ಅನ್ನುತ್ತಾರೆ. ಯಾವ ಭಾಷೆಯ ಕೂಗು ಅಂತ ಗೊತ್ತಾಗದಿದ್ದರೆ ನಮ್ಮ "ಹೂಂ" ಸಾಕು.

ಸಮಯ ಸಂಜೆಯೇ ಇರಲಿ. ಜುಲು, ಕೋಸಾ ಜನರಲ್ಲಿ ಹಗಲು ಕಥೆ ಹೇಳಿದರೆ ತಲೆಯ ಮೇಲೆ ಕೊಂಬು ಮೂಡುತ್ತದೆ ಅಂತ ನಂಬಿಕೆ. ಇದನ್ನು ಮಕ್ಕಳಿಗೆ ಹೇಳಿ ನೋಡಿ, ದೀಪ ಹಚ್ಚುವ ಹೊತ್ತಿಗೆ ಅವರೇ ಪುಸ್ತಕ ತರುತ್ತಾರೆ.

7. ಓದುವಾಗ

ನಕಾಶೆಯಲ್ಲಿ ದೇಶ ತೋರಿಸಿ, ಹತ್ತು ಸೆಕೆಂಡು ಸಾಕು. ಮುಖಪುಟದಲ್ಲೇ ಭೂಗೋಳದ ಪಾಠ ಶುರು ಮಾಡಬೇಡಿ.

ಸೊಳ್ಳೆಯದು ಸರಪಳಿ ಕಥೆ. ಒಂದು ಘಟನೆ ಇನ್ನೊಂದನ್ನು ತಳ್ಳುತ್ತಾ ಹೋಗುವ ಕಥೆಗೆ ಹಾಗೆನ್ನುತ್ತಾರೆ. ಸೊಳ್ಳೆಯ ಸುಳ್ಳು ಕೇಳಲಾಗದೆ ಉಡ ಕಿವಿಗೆ ಕಡ್ಡಿ ಸಿಕ್ಕಿಸಿಕೊಳ್ಳುತ್ತದೆ. ಉಡ ಮಾತಾಡಲಿಲ್ಲ ಅಂತ ಹೆಬ್ಬಾವು ಹೆದರುತ್ತದೆ, ಹೆಬ್ಬಾವನ್ನು ಕಂಡು ಮೊಲ ಓಡುತ್ತದೆ. ಕೊನೆಗೆ ಗೂಬೆಮರಿಯೊಂದು ಸಾಯುತ್ತದೆ, ತಾಯಿ ಗೂಬೆ ಸೂರ್ಯನನ್ನು ಎಬ್ಬಿಸುವುದೇ ಇಲ್ಲ. ಇಂಥ ಕಥೆಯಲ್ಲಿ ಸರಪಳಿ ಮರುಕಳಿಸುವಾಗಲೆಲ್ಲ ನೀವು ನಿಲ್ಲಿಸಿ, ಮುಂದಿನ ಕೊಂಡಿಯನ್ನು ಮಗು ಹೇಳಲಿ. ಗೂಬೆಮರಿಯ ಸಾವನ್ನು ನುಂಗಿಹಾಕಬೇಡಿ. ಅದನ್ನು ತೆಗೆದರೆ ಸೂರ್ಯ ಯಾಕೆ ಮೂಡಲಿಲ್ಲ ಅನ್ನುವುದಕ್ಕೆ ಕಾರಣವೇ ಇರುವುದಿಲ್ಲ. ಮೂರು ವರ್ಷದ ಮಗುವಿಗೆ ಬೇಡ ಅನಿಸಿದರೆ ಆ ಕಥೆಯನ್ನು ಐದಕ್ಕೆ ಮುಂದೂಡಿ.

ಹಾಡು ಬಂದರೆ ಹಾಡಿ. ರಾಗ ಗೊತ್ತಿಲ್ಲ ಅಂತ ಓದಿ ದಾಟಿಸುವುದಕ್ಕಿಂತ ನಿಮಗೆ ಬಂದ ಧಾಟಿಯಲ್ಲಿ ಎರಡು ಸಾಲು ಹಾಡುವುದು ಮೇಲು.

8. ಮುಗಿದ ಮೇಲೆ ನೀತಿ ಕೇಳಬೇಡಿ

"ಈ ಕಥೆಯಿಂದ ಏನು ಕಲಿತೆ?" ಅನ್ನುವ ಪ್ರಶ್ನೆ ಬೇಡ. ದಯವಿಟ್ಟು ಬೇಡ. ಅನಾನ್ಸಿ ಸುಳ್ಳು ಹೇಳುತ್ತಾನೆ, ಕದಿಯುತ್ತಾನೆ, ಸೋಮಾರಿ. ಕೆಲವು ಸಲ ಗೆಲ್ಲುತ್ತಾನೆ, ಕೆಲವು ಸಲ ಬೀಳುತ್ತಾನೆ. ಲೋಕದ ಬುದ್ಧಿಯನ್ನೆಲ್ಲ ಒಂದು ಮಡಕೆಯಲ್ಲಿ ತುಂಬಿ, ಹೊಟ್ಟೆಗೆ ಕಟ್ಟಿಕೊಂಡು, ಮರದ ಮೇಲೆ ಬಚ್ಚಿಡಲು ಹೊರಡುತ್ತಾನೆ. ಮಡಕೆ ಅಡ್ಡ ಬಂದು ಹತ್ತಲು ಆಗುವುದಿಲ್ಲ. ಕೆಳಗೆ ನಿಂತ ಮಗ, ಬೆನ್ನಿಗೆ ಕಟ್ಟಿಕೊಳ್ಳಬಾರದಾ ಅಪ್ಪಾ ಅನ್ನುತ್ತಾನೆ. ಬುದ್ಧಿಯೆಲ್ಲ ಮಡಕೆಯಲ್ಲಿದ್ದರೆ ಇವನಿಗೆ ಇದು ಹೇಗೆ ಹೊಳೆಯಿತು? ಸಿಟ್ಟಿನಲ್ಲಿ ಮಡಕೆ ಬಿದ್ದು ಒಡೆಯುತ್ತದೆ, ಬುದ್ಧಿ ಎಲ್ಲರಿಗೂ ಚದುರುತ್ತದೆ. ಇದರ ಮೇಲೆ ನೀವು ಏನು ನೀತಿ ಹಚ್ಚಿದರೂ ಅದು ಕಥೆಗಿಂತ ಚಿಕ್ಕದೇ.

"ನೀನಾಗಿದ್ದರೆ ಏನು ಮಾಡ್ತಿದ್ದೆ?" ಅಂತ ಕೇಳಬಹುದು. ಅದಕ್ಕಿಂತ ಒಳ್ಳೆಯದು, ಪುಸ್ತಕ ಮುಚ್ಚಿ ಮಗುವಿನ ಕೈಗೆ ಕೊಟ್ಟು, ಈಗ ನೀನು ಹೇಳು ಅನ್ನುವುದು.

ಇನ್ನೊಂದು ಎಚ್ಚರಿಕೆ ಶಿಕ್ಷಕರಿಗೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ನಿಮ್ಮ ತರಗತಿಯಲ್ಲಿ ಸಿದ್ದಿ ಸಮುದಾಯದ ಮಕ್ಕಳಿರಬಹುದು. ಅವರ ಪೂರ್ವಜರು ಆಫ್ರಿಕಾದವರು ನಿಜ. ಆದರೆ ಘಾನಾದ ಕಥೆ ಓದಿ "ಇದು ನಿನ್ನ ಕಥೆ" ಅಂತ ಆ ಮಗುವನ್ನು ಎಲ್ಲರ ಮುಂದೆ ಎದ್ದು ನಿಲ್ಲಿಸಬೇಡಿ. ಆ ಮಗು ಇದೇ ಊರಿನದು. ಅದರ ಮನೆಯಲ್ಲಿ ಯಾವ ಕಥೆ ಹೇಳುತ್ತಾರೆ ಅಂತ ಬೇರೆಲ್ಲ ಮಕ್ಕಳನ್ನು ಕೇಳಿದ ಹಾಗೆಯೇ ಕೇಳಿ.

9. ನೀವೇ ಕನ್ನಡಕ್ಕೆ ತಂದು ಹಂಚುವುದಾದರೆ

ಮೊದಲು ಲೈಸೆನ್ಸ್ ನೋಡಿ. ಆಫ್ರಿಕನ್ ಸ್ಟೋರಿಬುಕ್, ಬುಕ್ ಡ್ಯಾಶ್, ಸ್ಟೋರಿವೀವರ್ ಪುಸ್ತಕಗಳು ಸಾಮಾನ್ಯವಾಗಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಇರುತ್ತವೆ. ಅಂದರೆ ಅನುವಾದಿಸಬಹುದು, ಮುದ್ರಿಸಬಹುದು, ಹಂಚಬಹುದು. ಆದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಲೇಬೇಕು. ಲೈಸೆನ್ಸ್‌ನಲ್ಲೂ ಬಗೆಗಳಿವೆ, ಹಿಂಬದಿಯ ಪುಟದಲ್ಲಿ ಯಾವುದೆಂದು ಬರೆದಿರುತ್ತದೆ. ಅಂಗಡಿಯಲ್ಲಿ ಕೊಂಡ ಪುಸ್ತಕಗಳಿಗೆ ಈ ಸ್ವಾತಂತ್ರ್ಯ ಇಲ್ಲ. ಮನೆಯಲ್ಲಿ ಬಾಯಲ್ಲಿ ಅನುವಾದಿಸಿ ಓದಿ, ತೊಂದರೆ ಇಲ್ಲ. ಪುಟಪುಟವನ್ನೂ ತೋರಿಸುತ್ತಾ ಯೂಟ್ಯೂಬ್‌ಗೆ ಹಾಕುವುದು, ಜೆರಾಕ್ಸ್ ಮಾಡಿ ಹಂಚುವುದು ಬೇಡ.

ಅನುವಾದದಲ್ಲಿ ಆಗುವ ದೊಡ್ಡ ತಪ್ಪು ವಾಕ್ಯ ಉದ್ದವಾಗುವುದು. ಇಂಗ್ಲಿಷಿನ ಎರಡು ಸಾಲು ಕನ್ನಡದಲ್ಲಿ ನಾಲ್ಕಾಗಿ ಚಿತ್ರದ ಮೇಲೆ ಹತ್ತುತ್ತದೆ. ಮುರಿದು ಬರೆಯಿರಿ. ಬರೆದದ್ದನ್ನು ಒಂದು ಮಗುವಿಗೆ ಓದಿ, ಎಲ್ಲಿ ಮುಖ ಬೇರೆ ಕಡೆ ತಿರುಗಿತೋ ಆ ಸಾಲನ್ನು ತಿದ್ದಿ. ಕೊನೆಯಲ್ಲಿ ನೀತಿಯ ಸಾಲು ಸೇರಿಸುವ ಹ್ಯಾಬಿಟ್ ಇದ್ದರೆ ಬಿಟ್ಟುಬಿಡಿ.

ಮೊದಲ ಸಂಜೆಗೆ ಯಾವುದು?

ನನ್ನನ್ನು ಕೇಳಿದರೆ ಮಗುವಿಗೆ ಈಗಾಗಲೇ ಗೊತ್ತಿರುವ ಕಥೆ. ತಾಂಜಾನಿಯಾದ ಜಾಂಜಿಬಾರ್ ದ್ವೀಪದಲ್ಲಿ ಕೋತಿ ಮತ್ತು ಶಾರ್ಕ್ ಕಥೆ ಇದೆ, 1901ರಲ್ಲೇ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಹೃದಯವನ್ನು ಮರದಲ್ಲೇ ಬಿಟ್ಟು ಬಂದೆ ಅನ್ನುವ ಕೋತಿ ಅಲ್ಲೂ ಅದೇ, ನಮ್ಮ ಮೊಸಳೆಯ ಜಾಗದಲ್ಲಿ ಸಮುದ್ರದ ಶಾರ್ಕ್. ಹಿಂದೂ ಮಹಾಸಾಗರದ ಹಡಗುಗಳಲ್ಲಿ ಬರೀ ಲವಂಗ, ಬಟ್ಟೆ ಮಾತ್ರ ಓಡಾಡಲಿಲ್ಲ.

ಅದಕ್ಕಿಂತಲೂ ಸುಲಭದ್ದು ಡಿಯಾಕಿಟೆ ಅವರ 1999ರ 'ದಿ ಹ್ಯಾಟ್‌ಸೆಲ್ಲರ್ ಅಂಡ್ ದಿ ಮಂಕೀಸ್'. ಟೋಪಿ ಮಾರುವವನು ಮತ್ತು ಕೋತಿಗಳು, ನಮ್ಮ ಮಕ್ಕಳಿಗೆ ಬಾಯಿಪಾಠ. ಮಾಲಿಯಲ್ಲಿ ಅವನ ಹೆಸರು ಬಾಮೂಸಾ. ಬೆಳಿಗ್ಗೆ ತಿಂಡಿ ತಿನ್ನದೆ ಹೊರಟವನು ಮಾವಿನ ಮರದ ಕೆಳಗೆ ಮಲಗುತ್ತಾನೆ. ಹಸಿದ ಹೊಟ್ಟೆಯಲ್ಲಿ ಉಪಾಯ ಹೊಳೆಯುವುದಿಲ್ಲ, ಮಾವಿನ ಹಣ್ಣು ತಿಂದ ಮೇಲೆ ಹೊಳೆಯುತ್ತದೆ. ಈ ತಿರುವು ನಮ್ಮ ಕಥೆಯಲ್ಲಿ ಇಲ್ಲ, ಮಗು ಅದನ್ನು ತಕ್ಷಣ ಹಿಡಿಯುತ್ತದೆ. ಪುಸ್ತಕ ಸಿಗದಿದ್ದರೂ ಪರವಾಗಿಲ್ಲ, ಬಾಮೂಸಾನ ಕಥೆಯನ್ನು ಬಾಯಲ್ಲೇ ಹೇಳಿ. ತಲೆಗೆ ಹಾಕಿಕೊಳ್ಳಲು ನಾಲ್ಕು ಟೋಪಿ ಅಥವಾ ಟವೆಲ್ ಹತ್ತಿರ ಇಟ್ಟುಕೊಳ್ಳಿ. ಕೋತಿ ಯಾರಾಗಬೇಕು ಅಂತ ಜಗಳ ಬರುತ್ತದೆ, ಸರದಿ ಮೊದಲೇ ಗೊತ್ತು ಮಾಡಿ.